ಮಾವನ ಟ್ಯಾಂಕಿನ ಗಾಲಿ ಪಟ್ಟಿಗೆ ಅಂಟಿ ಕರಗಿದೆ: ಇದು ಬಳ್ಳಾರಿ ಬಿಸಿಲಿನ ಕೆಲಸವೇ?

ಕೌಲ್‌ಬಜಾರ್_ಅಕ್ಕ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಟ್ಯಾಂಕು, ವಿಮಾನಗಳ ಸಣ್ಣ ಮಾದರಿ ಜೋಡಿಸುವವರು ಇಲ್ಲಿ ನಮ್ಮ ಕಡೆಯವರೇ ಇದ್ದಾರೆ ಅಂತ ಗೊತ್ತಾಗಿ ಕೇಳುತ್ತಿದ್ದೇನೆ.

ನಮ್ಮ ಸೋದರಮಾವ ಸೈನ್ಯದಲ್ಲಿ ಟ್ಯಾಂಕ್ ರಿಪೇರಿ ಮಾಡುತ್ತಿದ್ದವರು. ನಿವೃತ್ತಿ ಆಗಿ ಊರಿಗೆ ಬಂದಮೇಲೆ ಕಿಟ್ ತರಿಸಿಕೊಂಡು ಒಂದೊಂದೇ ಜೋಡಿಸುತ್ತಾ ಬಂದರು. ಅವರದು ಒಂದೇ ನಿಯಮ: ನಮ್ಮ ಸೈನ್ಯ, ನಮ್ಮ ವಾಯುಪಡೆ ಬಳಸಿದ್ದು ಮಾತ್ರ ಬೀರಿನಲ್ಲಿ ಇರಬೇಕು. ಯಾರೋ ಜರ್ಮನ್ ಟೈಗರ್ ಟ್ಯಾಂಕಿನ ಕಿಟ್ ಪುಕ್ಕಟೆ ಕೊಡ್ತೀನಿ ಅಂದರೂ ಬೇಡ ಅಂದಿದ್ದರು. ಹೀಗೆ ಸೆಂಚೂರಿಯನ್ ಟ್ಯಾಂಕು, ತೋಪು ಕಟ್ಟಿದ ಜೀಪು, ನ್ಯಾಟ್, ಹಂಟರ್, ಮಿಗ್-21 ವಿಮಾನಗಳು ಎಲ್ಲಾ ಇವೆ. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ. ಮಗನ ಹತ್ತಿರ ಇರಲಿಕ್ಕೆ ಪುಣೆಗೆ ಹೋಗುವಾಗ ಗಾಜಿನ ಬೀರು ಸಮೇತ ಅಷ್ಟನ್ನೂ ನನಗೆ ಒಪ್ಪಿಸಿ ಹೋದರು. ದಸರಾಕ್ಕೆ ಬರುತ್ತಾರೆ. ಅಷ್ಟರಲ್ಲಿ ಪ್ರತಿಯೊಂದರ ಮುಂದೆ ಕನ್ನಡದಲ್ಲಿ ಚೀಟಿ ಬರೆದಿಡು, ಓಣಿ ಮಕ್ಕಳು ಬಂದು ಓದಲಿ ಅಂತ ಹೇಳಿದ್ದಾರೆ.

ನನ್ನ ತೊಂದರೆಗಳು ಇವು. ಒಂದು ಟ್ಯಾಂಕಿನ ಕಪ್ಪು ರಬ್ಬರ್ ಪಟ್ಟಿ ಗಾಲಿಗಳಿಗೆ ಅಂಟಿಕೊಂಡುಬಿಟ್ಟಿದೆ. ಪಟ್ಟಿ ತಗುಲಿದ ಕಡೆ ಗಾಲಿಯ ಅಂಚು ಮೇಣದ ಥರ ಆಗಿ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತೆ. ಬೀರು ಪಶ್ಚಿಮದ ಕಿಟಕಿಗೆ ಎದುರಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರಿಂದ ಸಂಜೆವರೆಗೆ ನೇರ ಬಿಸಿಲು. ನಮ್ಮೂರ ಬಿಸಿಲು ನಿಮಗೇ ಗೊತ್ತು, ಅದಕ್ಕೇ ಕರಗಿತಾ?

ಇನ್ನೊಂದು, ಟಿ-54 ಮತ್ತು ಟಿ-55 ಟ್ಯಾಂಕು ಎರಡನ್ನೂ ಮಾಡಿದ್ದೀನಿ ಅಂತಾರೆ ಮಾವ. ನನ್ನ ಕಣ್ಣಿಗೆ ಎರಡೂ ಒಂದೇ. ಯಾವುದಕ್ಕೆ ಯಾವ ಚೀಟಿ? ಆಮೇಲೆ ಕೆಂಪು ಧೂಳು ಎಷ್ಟು ಒರೆಸಿದರೂ ಮತ್ತೆ ಕೂರುತ್ತೆ. ಡಬ್ಬಿಯಲ್ಲಿ ಉಳಿದಿರುವ ನೀರಿನ ಸ್ಟಿಕ್ಕರ್ ಹಾಳೆಗಳು ಹಳದಿ ಆಗಿವೆ, ಎಸೆಯೋದಾ? ಬೀರಿಗೆ ನುಸಿ ಬರಬಾರದು ಅಂತ ಪ್ರತಿ ಅರೆಯಲ್ಲೂ ನುಸಿಗುಳಿಗೆ ಇಟ್ಟಿದೆ.

ಕೊನೆಯದು. ಮೇಲಿನ ಅರೆಯಲ್ಲಿ ಒಂದು ಮರದ ಸ್ಟ್ಯಾಂಡ್ ಖಾಲಿ ಇದೆ. ನಡುವೆ ಕಂಬಿ ಸಿಗಿಸಲು ತೂತು, ಹಲಗೆ ಮೇಲೆ ಪೆನ್ಸಿಲಿನಲ್ಲಿ ವಿಮಾನದ ಆಕಾರ, ಪಕ್ಕದಲ್ಲಿ ಮಾವನ ಅಕ್ಷರದಲ್ಲಿ "ಮಾರುತ್" ಅಂತ ಇದೆ. ಕಿಟ್ ಎಲ್ಲೂ ಸಿಗಲಿಲ್ಲವಂತೆ. ಯಾರ ಹತ್ತಿರವಾದರೂ ಇದೆಯಾ?

ಶಕ್ತಿನಗರ_35 (ರಾಯಚೂರು)

ಅಕ್ಕಾವ್ರೆ, ಉಳಿದದ್ದು ಆಮ್ಯಾಲೆ ಓದ್ರಿ. ಮೊದಲು ಎದ್ದು ಹೋಗಿ ಬೀರಿನಾಗಿನ ನುಸಿಗುಳಿಗೆ ಅಷ್ಟೂ ತೆಗೀರಿ. ಈ ಮಾದರಿಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ನುಸಿಗುಳಿಗಿ ಆವಿ ಅದಕ್ಕ ಆಗಿಬರಂಗಿಲ್ಲ. ಮುಚ್ಚಿದ ಬೀರಿನಾಗ ಆವಿ ತುಂಬಿಕೊಂಡು ಪ್ಲಾಸ್ಟಿಕ್ಕನ್ನ, ಬಣ್ಣಾನ ಮೆತ್ತಗ ಮಾಡತದ. ನುಸಿ ಕಾಟ ಇದ್ದರ ಒಣಗಿದ ಬೇವಿನ ಎಲಿ ಬಟ್ಟ್ಯಾಗ ಕಟ್ಟಿ ಮೂಲ್ಯಾಗ ಇಡ್ರಿ, ಸಾಕು.

ಇನ್ನ ಗಾಲಿ ಮಾತು. ಬಿಸಿಲಿನ ಮ್ಯಾಲೆ ತಪ್ಪು ಹಾಕಬ್ಯಾಡ್ರಿ. ಪಾಲಿಸ್ಟೈರೀನ್ ಮೆತ್ತಗಾಗಬೇಕಂದ್ರ ಹತ್ತಿರ ಹತ್ತಿರ 100 ಡಿಗ್ರಿ ಬೇಕು. ನಮ್ಮ ರಾಯಚೂರಾಗ 43, 44 ಆಗತದ, ಬಳ್ಳಾರಿಯೂ ಹಂಗೇ. ಅಷ್ಟಕ್ಕ ಯಾವ ಟ್ಯಾಂಕೂ ಕರಗಂಗಿಲ್ಲ. ಗಾಜು ಏರಿಸಿ ಬಿಸಿಲಾಗ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ಇಟ್ಟರ ಬಾಗಬಹುದು, ಆದ್ರ ಆಗ ಮೊದಲು ಬಾಗೋದು ತೆಳು ಭಾಗ: ತೋಪಿನ ನಳಿಗಿ, ಆಂಟೆನಾ, ರೆಕ್ಕಿ ತುದಿ. ನಿಮ್ಮ ಟ್ಯಾಂಕಿನ ನಳಿಗಿ ನೆಟ್ಟಗ ಅದ ಅಂತ ನಾ ಇಲ್ಲಿಂದಾನೇ ಹೇಳತೀನಿ. ನೀವು ಬರೆದದ್ದರಾಗೇ ಉತ್ತರ ಅದ ನೋಡ್ರಿ: ಪಟ್ಟಿ ತಗುಲಿದ ಕಡಿ ಮಾತ್ರ ಕರಗ್ಯದ.

ಆ ಪಟ್ಟಿ ರಬ್ಬರ್ ಅಲ್ಲ, ಮೆತ್ತನ್ನ ಪಿ.ವಿ.ಸಿ. ಪಿ.ವಿ.ಸಿ. ತಾನೇ ತಾ ಗಟ್ಟಿ ವಸ್ತು, ನಿಮ್ಮ ಮನಿ ನೀರಿನ ಪೈಪಿನಂಗ. ಅದನ್ನ ಬಾಗೋ ಹಂಗ ಮಾಡಲಿಕ್ಕೆ ಒಂದು ಎಣ್ಣಿ ತರದ ರಾಸಾಯನಿಕ ಬೆರಸಿರತಾರ. ವರ್ಷ ಕಳದಂಗ ಆ ಎಣ್ಣಿ ಹೊರಗ ಬರತದ, ತಗುಲಿದ ಪಾಲಿಸ್ಟೈರೀನಿಗೆ ಇಳೀತದ, ಅದನ್ನ ಕರಗಸತದ. ಹಳೇ ಮದುವಿ ಆಲ್ಬಮ್ಮಿನ ಮೆತ್ತನ್ನ ಹಾಳಿ ಫೋಟೊಕ್ಕ ಹತ್ತಿಕೊಂಡು ಬರಲಾರದಂಗ ಆಗಿರತದಲ್ಲ, ಅದೂ ಇದೇ ಜಾತಿ ರೋಗ. ಬಿಸಿ ಇದ್ದಷ್ಟು ಈ ಕೆಲಸ ಜೋರು. ಬಿಸಿಲಿನ ಪಾಲು ಅಷ್ಟೇ. ಕಾಶ್ಮೀರದಾಗ ಇಟ್ಟಿದ್ದರೂ ತಡವಾಗಿ ಇದೇ ಆಗತಿತ್ತು.

ಜಗ್ಗಬ್ಯಾಡ್ರಿ. ಜಗ್ಗಿದರ ಗಾಲಿ ಅಚ್ಚು ಮುರೀತದ. ಎರಡು ಗಾಲಿ ನಡುವೆ ಪಟ್ಟಿ ಸಡಿಲ ಇರೋ ಕಡಿ ಹೊಸ ಬ್ಲೇಡಿನಿಂದ ಅಡ್ಡ ಕತ್ತರಸ್ರಿ. ಆಮ್ಯಾಲೆ ಒಂದೊಂದು ಗಾಲಿ ಹತ್ತಿರ ತುಂಡು ತುಂಡು ಮಾಡಿ ಬಿಡಿಸ್ರಿ. ಕತ್ತರಿಸಿದ ಪಟ್ಟಿ ಮ್ಯಾಲೆ ಕನಿಕರ ಬ್ಯಾಡ, ಅದರಿಂದ ಇನ್ನ ಉಪಯೋಗ ಇಲ್ಲ. ಉಳಿದ ಜಿಡ್ಡನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಕಿವಿ ಕಡ್ಡಿಯಿಂದ ಸವರಿ ತೆಗೀರಿ. ಬಣ್ಣನೂ ಒಂಚೂರು ಬರತದ, ಬರಲಿ. ಆಮ್ಯಾಲೆ ಗಾಲಿಗೆ ಏನೂ ತಗಲದಂಗ ಗಾಳ್ಯಾಗ ಇಟ್ಟು ಮರೆತುಬಿಡ್ರಿ. ಮೇಲ್ಮೈ ಎಷ್ಟು ಗಟ್ಟಿ ಆಗತದ ಅಂತ ಕೆಲವು ವಾರ ಬಿಟ್ಟು ನೋಡ್ರಿ. ತಗ್ಗು ಬಿದ್ದ ಕಡಿ ಎಂ-ಸೀಲ್ ತುಂಬಿ, ಒಣಗಿದ ಮ್ಯಾಲೆ 400 ನಂಬರ್, ಅದರ ಮ್ಯಾಲೆ 800 ನಂಬರ್ ನೀರು ಕಾಗದ (ನೀರು ಹಚ್ಚಿ ತಿಕ್ಕೋ ಉಜ್ಜುಕಾಗದ) ಹಿಡದು ತಿಕ್ಕಿದರ ಗುಂಡಗ ಬರತದ.

ಹೊಸ ಪಟ್ಟಿ ಕೊಳ್ಳುವಾಗ ಒಂದೊಂದು ಕೊಂಡಿ ಜೋಡಿಸೋ ಗಟ್ಟಿ ಪ್ಲಾಸ್ಟಿಕ್ಕಿನದು ಕೇಳ್ರಿ. ಅದೂ ಪಾಲಿಸ್ಟೈರೀನೇ, ಗಾಲಿ ಜೋಡಿ ಜಗಳ ಆಡಂಗಿಲ್ಲ. ಮಾವನವರು ಬ್ಯಾರೆ ಟ್ಯಾಂಕಿಗೂ ಮೆತ್ತನ್ನ ಪಟ್ಟಿ ಹಾಕಿದ್ದರ ಅವೂ ಸಾಲಿನಾಗ ಅದಾವ ಅಂತ ತಿಳಕೊಳ್ರಿ. ಇವತ್ತೇ ಗಾಲಿಗೂ ಪಟ್ಟಿಗೂ ನಡುವೆ ಅಡಿಗಿಮನಿ ಅಲ್ಯೂಮಿನಿಯಂ ಹಾಳಿ ಸಣ್ಣಗ ಕತ್ತರಿಸಿ ತೂರಿಸ್ರಿ. ಜೀಪಿನ ಟೈರು, ವಿಮಾನದ ಟೈರು ಮೆತ್ತಗ ಅದಾವೇನು ಅಂತ ಉಗುರಿನಿಂದ ಒತ್ತಿ ನೋಡ್ರಿ. ಮೆತ್ತಗಿದ್ದರ ಅಲ್ಲೂ ಇದೇ ಕಥಿ.

ಈಗ ನಿಮ್ಮ ಎರಡು ಟ್ಯಾಂಕು. ಗಾಲಿ ನೋಡಿ ಎರಡನ್ನ ಬ್ಯಾರೆ ಮಾಡಲಿಕ್ಕೆ ಆಗಂಗಿಲ್ಲ. ಎರಡಕ್ಕೂ ಒಂದು ಮಗ್ಗಲಿಗೆ ಐದು ದೊಡ್ಡ ಗಾಲಿ, ಮೊದಲನೇದು ಮತ್ತ ಎರಡನೇದರ ನಡುವೆ ಮಾತ್ರ ಎದ್ದು ಕಾಣೋ ಸಂದು. ತೋಪಿನ ಗೋಪುರದ ನೆತ್ತಿ ನೋಡ್ರಿ. ಬಲಕ್ಕ ಮುಂದ ಬೋರಲು ಹಾಕಿದ ಸಣ್ಣ ಬಟ್ಟಲಿನ ಆಕಾರದ ಗಾಳಿಗಿಂಡಿ ಇದ್ದರ ಟಿ-54. ಅದು ಇಲ್ಲದ್ದು ಟಿ-55. ಅಳತಿ ಸಂಶಯ ಇದ್ದರ ಸ್ಕೇಲ್ ಹಿಡೀರಿ. ಖರೇ ಟ್ಯಾಂಕಿನ ಅಗಲ 3.27 ಮೀಟರ್. ನಿಮ್ಮದು 9.3 ಸೆಂಟಿಮೀಟರ್ ಬಂದರ 1/35, ಅಂದ್ರ ಖರೇದರ 35ರಾಗ ಒಂದು ಪಾಲು; ನಾಕೂವರಿ ಬಂದರ 1/72.

ಈ 1/35 ಅನ್ನೋ ಅಳತಿ ಹುಟ್ಟಿದ್ದು ಹೇಳದೇ ಇರಲಿಕ್ಕೆ ಆಗವಲ್ದು. ಜಪಾನಿನ ತಾಮಿಯಾ ಅನ್ನೋ ಕಿಟ್ ಕಂಪನಿಯವರು 1960ರ ದಶಕದ ಶುರುವಿನಾಗ ಮೋಟಾರಿಂದ ಓಡೋ ಪ್ಯಾಂಥರ್ ಟ್ಯಾಂಕ್ ಮಾಡಿದರು. ಒಳಗ ಬ್ಯಾಟರಿ ಹಿಡಿಸಬೇಕಲ್ಲ, ಅದಕ್ಕ ಬೇಕಾದಷ್ಟು ಅಗಲ ಇಟ್ಟರು. ಆಮ್ಯಾಲೆ ಲೆಕ್ಕ ಹಾಕಿದರ ಅದು ಸುಮಾರು 1/35 ಬಂತು. ಇವತ್ತು ಜಗತ್ತಿನ ಟ್ಯಾಂಕ್ ಮಾದರಿ ಬಹಳಷ್ಟು ಆ ಅಳತ್ಯಾಗೇ ಬರತಾವ. ವಿಮಾನದ 1/72 ಹಂಗಲ್ಲ, ಅದು ಇಂಗ್ಲೆಂಡಿನ ಅಡಿ-ಇಂಚಿನ ಲೆಕ್ಕ: ಆರು ಅಡಿ ಒಂದು ಇಂಚಾಗತದ.

ಚೀಟಿ ಮ್ಯಾಲೆ ಬರೀ ಹೆಸರು ಬರೀಬ್ಯಾಡ್ರಿ. ಮಕ್ಕಳಿಗೆ ಹೆಸರಿನಿಂದ ಏನಾಗಬೇಕು? ಜೀಪಿನ ಮುಂದ ಬರೀರಿ: 1965ರಾಗ ಅಸಲ್ ಉತ್ತರದಾಗ ಹವಾಲ್ದಾರ್ ಅಬ್ದುಲ್ ಹಮೀದ್ ಇಂಥಾ ತೋಪುಗಾಡಿಯಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನ ಒಡದರು, ಪರಮವೀರ ಚಕ್ರ ಬಂತು. ಸೆಂಚೂರಿಯನ್ ಮುಂದ 1971ರ ಬಸಂತರ್ ಕದನ, ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್, ಅವರ ಟ್ಯಾಂಕಿನ ಹೆಸರು ಫಾಮಗುಸ್ತಾ. ಹಂಟರ್ ಮುಂದ 1971ರ ಲೋಂಗೇವಾಲಾ ಕದನ, ಜೈಸಲ್ಮೇರಿನಿಂದ ಹಾರಿ ಬಂದು ಮರಳಿನಾಗ ಟ್ಯಾಂಕ್ ಸುಟ್ಟವು. ಮಿಗ್-21 ಮುಂದ 1963ಕ್ಕ ಬಂತು, 26 ಸೆಪ್ಟೆಂಬರ್ 2025ಕ್ಕ ಚಂಡೀಗಡದಾಗ ಬೀಳ್ಕೊಟ್ಟರು ಅಂತ. ನ್ಯಾಟ್ ಮುಂದ ಬೆಂಗಳೂರಿನ ಎಚ್‌.ಎ.ಎಲ್. ಹೆಸರು ಬಿಡಬ್ಯಾಡ್ರಿ, ನಮ್ಮವರೇ ಅಲ್ಲಿ ಕಟ್ಟಿದ್ದು.

ತೋರಣಗಲ್ಲು_ರಾತ್ರಿಪಾಳಿ (ಬಳ್ಳಾರಿ ಜಿಲ್ಲೆ)

ಅಕ್ಕಾ, ಧೂಳಿನ ಬಗ್ಗೆ ನನಗೆ ಕೇಳಿ. ನಮ್ಮ ಮನೆ ಅದಿರು ಲಾರಿ ಓಡಾಡೋ ರಸ್ತೆ ಮೇಲೇ ಐತೆ.

ಒರೆಸ್ತೀನಿ ಅಂದ್ರಲ್ಲ, ಬಟ್ಟೆಯಿಂದ ಒರೆಸಬೇಡಿ. ಅದಿರಿನ ಪುಡಿ ಗಡುಸು. ಒಣ ಬಟ್ಟೆ ತಿಕ್ಕಿದರೆ ಬಣ್ಣದ ಮೇಲೆ ಗೀರು ಬೀಳುತ್ತೆ, ಗೀರಿನಲ್ಲಿ ಕೆಂಪು ಕೂತರೆ ಹೋಗಲ್ಲ. ಕ್ಯಾಮೆರಾದವರು ಇಟ್ಕೊಳ್ಳೋ ರಬ್ಬರ್ ಬುರುಡೆ ಸಿಗುತ್ತೆ, ಅದರಿಂದ ಮೊದಲು ಊದಿ. ಆಮೇಲೆ ಮುಖಕ್ಕೆ ಪೌಡರ್ ಹಚ್ಚೋ ಅಗಲ ಮೆತ್ತನೆ ಬ್ರಷ್ ತಗೊಂಡು ಮೇಲಿಂದ ಕೆಳಗೆ ಒಂದೇ ದಿಕ್ಕಿಗೆ ಎಳೀರಿ. ಬೀರಿನ ಬಾಗಿಲ ಸಂದಿಗೆ ಕಿಟಕಿಗೆ ಹಚ್ಚೋ ಫೋಮ್ ಪಟ್ಟಿ ಅಂಟಿಸಿದರೆ ಮುಕ್ಕಾಲು ಧೂಳು ಹೊರಗೇ ನಿಲ್ಲುತ್ತೆ. ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ ಅಂತ ಯಾರಾದ್ರೂ ಹೇಳಿದರೆ ಕೇಳಬೇಡಿ. ನಮ್ಮ ಒಣ ಹವೆಯಲ್ಲಿ ಅದನ್ನ ಒರೆಸಿದಷ್ಟೂ ಕರೆಂಟ್ ಹುಟ್ಟಿ ಧೂಳನ್ನ ತಾನೇ ಎಳ್ಕೊಳ್ಳುತ್ತೆ. ಗಾಜೇ ಸರಿ.

ಬೀರು ಮಾತ್ರ ಆ ಕಿಟಕಿ ಎದುರಿಂದ ಸರಿಸಿ. ಕರಗದಿದ್ದರೂ ಬಣ್ಣ ಮಾಸುತ್ತೆ, ಬಿಳಿ ಹಳದಿ ಆಗುತ್ತೆ.

ಸ್ಟಿಕ್ಕರ್ ಹಾಳೆ ಎಸೀಬೇಡಿ! ಅದಕ್ಕೆ ನಮ್ಮ ಬಿಸಿಲೇ ಔಷಧಿ. ಜಿಪ್ ಇರೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚಿತ್ರದ ಮುಖ ಹೊರಗೆ ಮಾಡಿ ಅದೇ ಪಶ್ಚಿಮದ ಕಿಟಕಿ ಗಾಜಿಗೆ ಟೇಪ್ ಹಚ್ಚಿ. ಹಳದಿ ಬಿಸಿಲಿಗೆ ಬೆಳ್ಳಗಾಗುತ್ತೆ. ದಿನಾ ನೋಡ್ತಿರಿ, ಹಳದಿ ಹೋದ ಕೂಡಲೇ ತೆಗೀರಿ, ಇಲ್ಲಾಂದ್ರೆ ಕೇಸರಿ ಬಣ್ಣನೂ ಮಾಸುತ್ತೆ. ಹಳೆ ಹಾಳೆ ನೀರಿಗೆ ಹಾಕಿದ ತಕ್ಷಣ ಚೂರುಚೂರು ಆಗೋದೂ ಉಂಟು. ಮೊದಲು ಬೇಡವಾದ ಒಂದು ಅಕ್ಷರ ಕತ್ತರಿಸಿ ನೀರಿಗೆ ಬಿಟ್ಟು ನೋಡಿ. ಒಡೆದರೆ ಇಡೀ ಹಾಳೆ ಮೇಲೆ ತೆಳುವಾಗಿ ಪಾರದರ್ಶಕ ವಾರ್ನಿಷ್ ಸಿಂಪಡಿಸಿ ಒಣಗಿಸಿ. ಆಮೇಲೆ ಪ್ರತಿ ಚಿತ್ರ ಬೇರೆ ಬೇರೆ ಕತ್ತರಿಸಿಕೊಳ್ಳಬೇಕು.

ನೀರು ಕುಡಿಯೋ ಫಿಲ್ಟರ್ ನೀರೇ ಆಗಬೇಕು. ಬೋರ್ ನೀರಲ್ಲಿ ಅಂಟಿಸಿದರೆ ಒಣಗಿದ ಮೇಲೆ ಕಡು ಬಣ್ಣದ ಮೇಲೆ ಸುತ್ತ ಸುಣ್ಣದ ಬಿಳಿ ಕಲೆ ನಿಲ್ಲುತ್ತೆ.

ಶಕ್ತಿನಗರ ಸರ್ ಹೇಳಿದ ಎಂ-ಸೀಲ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಗಾಲಿಯ ಸಣ್ಣ ಅಂಚಿಗೆ ಅದು ದಪ್ಪ ಆಗುತ್ತೆ. ಕಿಟ್ಟಿನ ಚೌಕಟ್ಟಿನ ಉಳಿದ ಪ್ಲಾಸ್ಟಿಕ್ ಕಡ್ಡಿ ಕತ್ತರಿಸಿ ಪ್ಲಾಸ್ಟಿಕ್ ಅಂಟಿನ ಬಾಟ್ಲಿಯಲ್ಲಿ ನೆನೆ ಹಾಕಿದರೆ ಗಂಜಿ ಥರ ಆಗುತ್ತೆ, ಅದನ್ನ ತುಂಬಿದರೆ ಗಾಲಿಯ ಜೊತೆ ಒಂದಾಗಿಬಿಡುತ್ತೆ.

ಶಕ್ತಿನಗರ_35 (ರಾಯಚೂರು)

ತಮ್ಮಾ, ಗಟ್ಟಿ ಇರೋ ಗಾಲಿಗೆ ನಿನ್ನ ಮಾತು ನೂರಕ್ಕ ನೂರು ಖರೇ. ಆದ್ರ ಈ ಗಾಲಿ ಈಗಾಗಲೇ ಮೆತ್ತಗಾಗ್ಯದ. ಅದರ ಮ್ಯಾಲೆ ಮತ್ತ ಕರಗಿಸೋ ಅಂಟು ಹಾಕಿದರ ಉಳಿದದ್ದೂ ಹೋಗತದ. ಅದಕ್ಕ ಎಂ-ಸೀಲ್ ಅಂದೆ. ಕಿಟಕಿಗೆ ಹಚ್ಚೋ ಉಪಾಯ ಭಾರಿ ಅದ.

ಕಿನ್ನಾಳ_ಮಗ್ಗಲು (ಕೊಪ್ಪಳ)

ಅಕ್ಕಾರ, ಮಾರುತ್ ಅಂತ ಓದಿದ ಮ್ಯಾಲೆ ಸುಮ್ನ ಇರಾಕ ಆಗಲಿಲ್ಲ. ನನ್ನ ಹತ್ರ ಕಿಟ್ ಇಲ್ಲ. ಆದ್ರ ಮಾರುತ್ ಐತಿ. ಕಟಿಗಿದು. ನಾನೇ ಕೆತ್ತಿದ್ದು.

ನಮ್ಮ ಊರು ಕಿನ್ನಾಳದಿಂದ ದೂರಿಲ್ಲ. ಅಲ್ಲಿ ಚಿತ್ರಗಾರರು ಗೊಂಬಿ ಮಾಡೋದು ಎಲ್ಲರಿಗೂ ಗೊತ್ತು. ಹಗುರ ಪೊಳಕಿ ಮರ, ಹುಣಸಿಬೀಜದ ಅಂಟು, ಆ ಅಂಟಿನಾಗ ಕಟಿಗಿ ಹೊಟ್ಟು, ನೆನಸಿದ ಸೆಣಬಿನ ಚಿಂದಿ ಕಲಸಿದ ಕಿಟ್ಟ, ಅದರ ಮ್ಯಾಲೆ ಬಣ್ಣ. ಗೊಂಬಿ ಮಾಡೋ ಹಿರಿಯರೊಬ್ಬರ ಅಂಗಳದಾಗ ಕುಂತು ನೋಡಿ ಕಲ್ತೇನಿ. ವಿಮಾನ ಕೆತ್ತತೀನಿ ಅಂದಾಗ ಅವರು ನಗಲಿಲ್ಲ. ನಕ್ಷಿ ಕೈಯಾಗ ಹಿಡದು, "ಇದಕ್ಕ ನಡ ಐತಲ್ಲೋ" ಅಂದರು.

ಮಾರುತ್ ಅಂದ್ರ ನಮ್ಮ ದೇಶದಾಗೇ ಕಟ್ಟಿದ ಯುದ್ಧವಿಮಾನ. ಆ ನಡಾನೇ ಅದರ ಗುರುತು. ರೆಕ್ಕಿ ಕೂಡೋ ಜಾಗದಾಗ ಮೈ ಒಳಗ ಸಣ್ಣಗ ಆಗಿ ಮತ್ತ ಹಿಂದ ಅಗಲ ಆಗತೈತಿ. ಶಬ್ದದ ವೇಗದ ಹತ್ರ ಗಾಳಿ ಎದುರ ನಿಲ್ಲೋದು ಕಮ್ಮಿ ಆಗಲಿ ಅಂತ ಹಂಗ ಮಾಡ್ಯಾರ. ಎಂಜಿನಿಯರ್ ಕುರ್ಟ್ ಟ್ಯಾಂಕ್ ಜರ್ಮನಿಯವರು. ಎಚ್‌.ಎ.ಎಲ್.ನಾಗ ನಮ್ಮವರ ಜೋಡಿ ಕುಂತು ಇದರ ವಿನ್ಯಾಸ ಮಾಡಿದರು. 17 ಜೂನ್ 1961ಕ್ಕ ಬೆಂಗಳೂರಾಗ ಮೊದಲ ಸಲ ಹಾರಿಸಿದ್ದು ಸುರಂಜನ್ ದಾಸ್. ಒಟ್ಟು 147 ಕಟ್ಟಿದರು. ಎರಡು ಆರ್ಫಿಯಸ್ ಎಂಜಿನ್, ಮೂಗಿನಾಗ 30 ಮಿ.ಮೀ. ತೋಪು ನಾಕು. ಮೈ ಅಷ್ಟು ಚಂದ, ಆದ್ರ ಅದಕ್ಕ ತಕ್ಕ ಬಲದ ಎಂಜಿನ್ ಕಡೀತನಕ ಸಿಗಲಿಲ್ಲ. ಅದೊಂದು ಸಂಕಟ ನನಗ ಯಾವಾಗ್ಲೂ ಐತಿ. ಅಷ್ಟಾದ್ರೂ 1971ಕ್ಕ ರಾಜಸ್ಥಾನದ ಕಡಿ ಯುದ್ಧಕ್ಕ ಹೋತು.

ಮೈ ಕೆತ್ತೋದಕ್ಕ ಕಣ್ಣಳತಿ ನಂಬಬಾರದು. ಮೇಲಿನ ಆಕಾರ, ಮಗ್ಗಲಿನ ಆಕಾರ ಎರಡೂ ಕಟಿಗಿ ಮ್ಯಾಲೆ ಅಂಟಿಸಿ ಮೊದಲು ಚೌಕಾಗೇ ಕೊಯ್ಯಬೇಕು. ಆಮ್ಯಾಲೆ ಹಳೇ ಮದುವಿ ಕಾರ್ಡಿನ ರಟ್ಟಿನಾಗ ಮೂಗು, ಗಾಳಿಬಾಯಿ, ನಡ, ಬಾಲ ಇವುಗಳ ಅರ್ಧ ಸುತ್ತಿನ ಅಚ್ಚು ಕತ್ತರಿಸಿಟ್ಟುಕೊಂಡು, ಒಂದೀಟು ಕೆತ್ತೋದು, ಅಚ್ಚು ಹಚ್ಚಿ ನೋಡೋದು. ಬೆಳಕಿಗೆ ಹಿಡದಾಗ ಅಚ್ಚಿನ ಸಂದಿನಾಗ ಬೆಳಕು ಕಂಡರ ಅಲ್ಲಿ ಇನ್ನೂ ಕೆಲಸ ಐತಿ ಅಂತ ಅರ್ಥ. ಪೊಳಕಿ ಬಹಳ ಮೆತ್ತಗ, ಉಳಿ ಒಮ್ಮೆ ಒಳಗ ಹೋದ್ರ ಹೋತು. ಅದಕ್ಕ ನಡದ ಜಾಗದಾಗ ಉಳಿ ಬಿಟ್ಟು ಅರ ಹಿಡೀಬೇಕು. ಹುಣಸಿಬೀಜದ ಅಂಟಿಗೆ ಚಾಕ್ ಪುಡಿ ಕಲಸಿ ತೆಳ್ಳಗ ಬಳದು, ಒಣಗಿದ ಮ್ಯಾಲೆ ತಿಕ್ಕಿದರ ಕಟಿಗಿ ಎಳಿ ಮುಚ್ಚತೈತಿ. ಅಂಟಿಗೆ ಚಿಟಿಕಿ ಮೈಲುತುತ್ತ ಹಾಕೋದು ಮರೀಬ್ಯಾಡ್ರಿ, ಇಲ್ಲಾಂದ್ರ ಹುಳ ಬರತಾವ.

ನನ್ನದು 1/32. ಖರೇ ಮಾರುತ್ 15.87 ಮೀಟರ್ ಉದ್ದ, ರೆಕ್ಕಿ ತುದಿಯಿಂದ ತುದಿಗೆ 9 ಮೀಟರ್. ನನ್ನದು ಅರ್ಧ ಮೀಟರಿನಷ್ಟು ಬಂದೈತಿ. ನಿಮ್ಮ ಮಾವನ ಹಲಗಿ ಮ್ಯಾಲಿನ ಪೆನ್ಸಿಲ್ ಗೆರಿ ಮೂಗಿನಿಂದ ಬಾಲಕ್ಕ ಎಷ್ಟು ಐತಿ, ಅಳದು ಹೇಳ್ರಿ.

ಕೌಲ್‌ಬಜಾರ್_ಅಕ್ಕ (ಬಳ್ಳಾರಿ)

ಎಲ್ಲರಿಗೂ ಕೈ ಮುಗಿದೆ. ನುಸಿಗುಳಿಗೆ ಆಗಲೇ ಹೊರಗೆ ಹೋಯಿತು, ಬೀರು ಒಳಗಿನ ಗೋಡೆಗೆ ಬಂತು. ಗೋಪುರದ ಮೇಲಿನ ಬಟ್ಟಲು ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ! ಗಾಲಿ ಕರಗಿರೋದು ಟಿ-55. ಅಗಲ 9.3 ಸೆಂಟಿಮೀಟರ್. ನಳಿಗೆ ನೆಟ್ಟಗೇ ಇದೆ ಸರ್, ನೀವು ಹೇಳಿದ ಹಾಗೆ. ಮಾವನಿಗೆ ಫೋನ್ ಮಾಡಿ ಬಟ್ಟಲಿನ ಮಾತು ಹೇಳಿದೆ. "ಅದು ಹುಡುಗರ ಉಸಿರು ಕಣೇ, ತೋಪು ಹಾರಿಸಿದರೆ ಒಳಗೆಲ್ಲಾ ಹೊಗೆ" ಅಂತ ಅರ್ಧ ಗಂಟೆ ಮಾತಾಡಿದರು. ಅಷ್ಟನ್ನೂ ಬರೆದುಕೊಂಡಿದ್ದೇನೆ, ಚೀಟಿಗೆ ಹಾಕುತ್ತೇನೆ.

ಪೆನ್ಸಿಲ್ ಗೆರೆ ಉದ್ದ 22 ಸೆಂಟಿಮೀಟರ್, ರೆಕ್ಕೆ ಹನ್ನೆರಡೂವರೆ. ಕಿನ್ನಾಳದ ಅಣ್ಣಾ, ನೀವು ಕೆತ್ತಿಕೊಡ್ತೀರಾ? ಖರ್ಚು ಎಷ್ಟಾದರೂ ಹೇಳಿ.

ಕಿನ್ನಾಳ_ಮಗ್ಗಲು (ಕೊಪ್ಪಳ)

22ಕ್ಕ ಹನ್ನೆರಡೂವರಿ ಅಂದ್ರ ಸರಿಯಾಗಿ 1/72. ಮಾವನವರು ಲೆಕ್ಕ ಹಾಕೇ ಗೆರಿ ಹೊಡದಾರ. ಕೆತ್ತತೀನಿ ಅಕ್ಕಾರ. ಕಟಿಗಿ ನನ್ನ ಕಡಿ ಐತಿ, ಬಣ್ಣದ ರೊಕ್ಕ ಕೊಟ್ಟರ ಸಾಕು.

ಇಷ್ಟು ಸಣ್ಣದಕ್ಕ ರೆಕ್ಕಿ ಪೊಳಕ್ಯಾಗ ಬರಂಗಿಲ್ಲ, ತುದಿ ಮುರೀತೈತಿ. ರೆಕ್ಕಿ, ಬಾಲ ಎರಡನ್ನೂ ತೆಳು ಪ್ಲಾಸ್ಟಿಕ್ ಹಾಳಿಯಾಗ ಮಾಡಿ ಕಟಿಗಿ ಮೈಗೆ ಸೀಳು ಹಾಕಿ ಕೂಡಸ್ತೀನಿ. ಕಂಬಿ ಮ್ಯಾಲೆ ಹಾರೋ ಭಂಗಿ ಆದ್ದರಿಂದ ಗಾಲಿ ಮುಚ್ಚೇ ಇರತಾವ, ಟೈರಿನ ಗೊಡವಿ ಇಲ್ಲ. ವಾಯುಪಡೆ ಗುರುತಿನ ಕೇಸರಿ, ಬಿಳಿ, ಹಸಿರು ಸುತ್ತು ಕೈಯಿಂದ ಬರೀಬಹುದು, ಆದ್ರ ನಿಮ್ಮ ಕಿಟಕ್ಯಾಗಿನ ಹಾಳ್ಯಾಗ 1/72ರ ಸುತ್ತು ಉಳಿದಿದ್ರ ಅದನ್ನೇ ಹಚ್ಚೋಣ. ಕಂಬಿ ತೂತಿನ ಅಗಲ ಎಷ್ಟು ಮಿಲಿಮೀಟರ್ ಐತಿ, ಹಲಗಿ ಮ್ಯಾಲೆ ಓರೆ ಐತೋ ನೆಟ್ಟಗ ಐತೋ, ಒಂದು ಫೋಟೊ ಕಳಸ್ರಿ. ಮೈ ಕೊಯ್ಯೋ ಮೊದಲೇ ಆ ತೂತು ಹಾಕಬೇಕು.